ಸ್ಕ್ರೀನ್ ರೀಡರ್ ಬಳಸೋರಿಗೆ: ರೇಡಿಯೋ ಸ್ಟೇಷನ್ ಬೇಗ ಸಿಗೋ ಹಾಗೆ ಇಡೋದು

ಎಲ್ರಿಗೂ ನಮಸ್ಕಾರ. ಎನ್‌ವಿಡಿಎ (ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್) ಹಾಕ್ಕೊಂಡು ವಿಎಲ್‌ಸಿ ಪ್ಲೇಯರಲ್ಲಿ ಇಂಟರ್ನೆಟ್ ರೇಡಿಯೋ ಕೇಳೋರು ಎಲ್ಲಾ ಸ್ಟೇಷನ್ನೂ ಒಂದೇ ಪ್ಲೇಲಿಸ್ಟಿಗೆ ತುಂಬಬೇಡಿ, ಒಂದೊಂದಕ್ಕೂ ಬೇರೆ ಎಂ3ಯು ಫೈಲ್ (ಪ್ಲೇಯರಿಗೆ ಲಿಂಕ್ ಕೊಡೋ ಪುಟ್ಟ ಪ್ಲೇಲಿಸ್ಟ್ ಫೈಲ್) ಮಾಡಿ ಒಂದು ಫೋಲ್ಡರಲ್ಲಿ ಇಡಿ. ನೋಟ್‌ಪ್ಯಾಡಲ್ಲಿ ಸ್ಟ್ರೀಮ್ ಲಿಂಕ್ ಒಂದೇ ಸಾಲಲ್ಲಿ ಪೇಸ್ಟ್ ಮಾಡಿ (ವೆಬ್‌ಸೈಟ್ ಲಿಂಕ್ ಅಲ್ಲ, ನೇರ ಸ್ಟ್ರೀಮಿಂದೇ ಬೇಕು), ಸೇವ್ ಮಾಡೋವಾಗ ಟೈಪಲ್ಲಿ ಆಲ್ ಫೈಲ್ಸ್ ಆರಿಸಿ ಹೆಸರಿನ ಕೊನೆಗೆ ಡಾಟ್ ಎಂ3ಯು (.m3u) ಹಾಕಿ, ಇಲ್ಲಾಂದ್ರೆ ಅದು ಬರೀ ಟೆಕ್ಸ್ಟ್ ಫೈಲಾಗೇ ಉಳ್ಕೊಳತ್ತೆ.

ಮುಖ್ಯವಾದ್ದು ಹೆಸರು. ನಾನು ಮೊದ್ಲು ಆಕಾಶವಾಣಿ ಬೆಂಗಳೂರು, ಆಕಾಶವಾಣಿ ಮೈಸೂರು, ಆಕಾಶವಾಣಿ ಧಾರವಾಡ ಅಂತ ಇಟ್ಟಿದ್ದೆ, ಬಾಣದ ಕೀ ಒತ್ತಿದಾಗೆಲ್ಲ ಆಕಾಶವಾಣಿ ಅನ್ನೋದನ್ನ ಪೂರ್ತಿ ಕೇಳಿಸ್ಕೊಂಡೇ ಮುಂದೆ ಹೋಗ್ಬೇಕಿತ್ತು, ತುಂಬಾ ಸುಸ್ತಾಗೋದು. ಈಗ ಊರಿನ ಹೆಸರೇ ಮೊದ್ಲು. ಅದ್ರ ಮುಂದೆ ಎರಡಂಕಿ ನಂಬರ್ ಕೂಡ ಹಾಕಿದೀನಿ, 01 ಧಾರವಾಡ, 02 ಮೈಸೂರು, 11 ರಾಗಂ ಹೀಗೆ. 10ರ ಒಳಗೆ ಊರಿನ ಸ್ಟೇಷನ್‌ಗಳು, 11ರಿಂದ ಶಾಸ್ತ್ರೀಯ ಸಂಗೀತ. ಫೋಲ್ಡರಲ್ಲಿ ಬೇಗ್ಬೇಗ 11 ಅಂತ ಒತ್ತಿದ್ರೆ ಸೀದಾ ಅಲ್ಲಿಗೇ ಹೋಗತ್ತೆ, ಎಂಟರ್ ಹೊಡೆದ್ರೆ ಹಾಡು ಶುರು, ಕನ್ನಡ ಕೀಬೋರ್ಡಿಗೆ ಬದಲಾಯಿಸೋ ಕೆಲಸಾನೇ ಇಲ್ಲ. ಎಂಟರ್‌ಗೆ ಬೇರೆ ಪ್ಲೇಯರ್ ತೆರೆದ್ರೆ ಓಪನ್ ವಿತ್‌ನಲ್ಲಿ ಒಂದ್ಸಲ ವಿಎಲ್‌ಸಿ ಆರಿಸಿ, ಯಾವಾಗ್ಲೂ ಇದೇ ಅಂತ ಕೊಡಿ.

ಯಾವ ಹಾಡು ಬರ್ತಿದೆ ಗೊತ್ತಾಗ್ಬೇಕಾ, ಇನ್ಸರ್ಟ್ ಜೊತೆ ಟಿ ಒತ್ತಿ. ಸ್ಟೇಷನ್‌ನೋರು ಹಾಡಿನ ಹೆಸರು ಕಳಿಸ್ತಿದ್ರೆ ಸಾಮಾನ್ಯವಾಗಿ ಟೈಟಲಲ್ಲೇ ಓದತ್ತೆ.

ಲಿಂಕ್ ಸತ್ರೆ ಆ ಒಂದು ಫೈಲ್ ಮಾತ್ರ ನೋಟ್‌ಪ್ಯಾಡಲ್ಲಿ ತೆಗೆದು ಹೊಸಾ ಲಿಂಕ್ ಹಾಕಿ, ಬಾಕಿದೆಲ್ಲ ಹಾಗೇ ಇರತ್ತೆ.