ಅರ್ಜಿಯಲ್ಲಿ ‘ಮೈನಾರಿಟಿ’ ಎಂದರೆ ಯಾರು?

ಕಾಸರಗೋಡಿನ ಬಂಧುಗಳೇ, ಮಕ್ಕಳ ವಿದ್ಯಾರ್ಥಿವೇತನದ ಇಂಗ್ಲಿಷ್ ಅರ್ಜಿ ತುಂಬುವ ಮೊದಲು ಇದನ್ನೊಮ್ಮೆ ಓದಿ. ಬರೇ ‘ಮೈನಾರಿಟಿ’ ಎಂದಿದ್ದರೆ ಅದು ಸಾಮಾನ್ಯವಾಗಿ ಧರ್ಮಕ್ಕೆ ಸಂಬಂಧಿಸಿದ್ದು: ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ, 2014ರಿಂದ ಜೈನರೂ. ಕೇರಳದಲ್ಲಿರುವ ಕನ್ನಡಿಗರೆಂಬ ನೆಲೆಯಲ್ಲಿ ನಾವು ‘ಲಿಂಗ್ವಿಸ್ಟಿಕ್ ಮೈನಾರಿಟಿ’, ಅಂದರೆ ಭಾಷಾ ಅಲ್ಪಸಂಖ್ಯಾತರು. ಸಂವಿಧಾನದ 350ಎ ಮತ್ತು 350ಬಿ ವಿಧಿಗಳು ಹೇಳುವುದು ಈ ಗುಂಪಿನ ಬಗ್ಗೆ. ಎರಡನ್ನೂ ಒಂದೆಂದು ತಿಳಿದು ಮಗಳ ಅರ್ಜಿಯಲ್ಲಿ ಠೀವಿಯಿಂದ ಗುರುತು ಹಾಕಿದ ನಾನು, ಅದನ್ನು ತಿದ್ದಿಸಲು ಎರಡು ದಿನ ಅಲೆದೆ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎನ್ನುವವರು ‘ಮದರ್ ಟಂಗ್’ ಎದುರು ತುಳು, ‘ಮೀಡಿಯಂ’ ಎದುರು ಕನ್ನಡ ಎಂದು ಬರೆಯಿರಿ.

‘ಕೇರಳೈಟ್’ ಎಂದರೆ ರಾಜ್ಯದವರು, ‘ಮಲಯಾಳಿ’ ಎಂದರೆ ಭಾಷೆಯವರು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಮೊದಲನೆಯದು ಹೌದು, ಎರಡನೆಯದಲ್ಲ. ಬೆಂಗಳೂರಿನ ನೆಂಟರಿಗೆ ಇದನ್ನು ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿದೆ!

ಅಂದ ಹಾಗೆ, ‘ಸೀನಿಯರ್ ಸಿಟಿಜನ್’ ಎಂಬುದಕ್ಕೆ ಹಿರಿಯ ನಾಗರಿಕರ ಕುರಿತ 2007ರ ಕಾಯಿದೆಯ ಪ್ರಕಾರ 60 ತುಂಬಿದರೆ ಸಾಕು. ತಲೆ ನರೆತಿರಬೇಕೆಂದೇನೂ ಇಲ್ಲ.