ಫ್ಯಾಂಟಸಿ ಆರ್‌ಪಿಜಿಗೆ ಹೊಸ ಕ್ಲಾಸ್ ಮತ್ತು ರೇಸ್ ರೂಪಿಸುವುದು ಹೇಗೆ

ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳನ್ನು ಕೆಲಕಾಲ ಆಡಿದವರಿಗೆ, ಅದರಲ್ಲೂ ಡಂಜನ್ ಮಾಸ್ಟರ್ ಆಗಿ ಆಟ ನಡೆಸಿದವರಿಗೆ, ತಮ್ಮ ಕಲ್ಪನೆಯ ಲೋಕದಲ್ಲಿ ತಮ್ಮದೇ ಜನರೂ (ರೇಸ್) ತಮ್ಮದೇ ಕಸುಬುಗಳೂ (ಕ್ಲಾಸ್) ಇರಬೇಕೆಂಬ ಆಸೆ ಹುಟ್ಟುವುದು ಸಹಜ. ಈ ಕೆಲಸಕ್ಕೆ ಕೈಹಾಕಿದ ಬಹುತೇಕರು ಅಂಕಿಗಳಿಂದಲೇ ಆರಂಭಿಸುತ್ತಾರೆ. ಶಕ್ತಿಗೆ 2, ಚುರುಕುತನಕ್ಕೆ 1, ವಿಷದಿಂದ ರಕ್ಷಣೆ, ಕತ್ತಲಲ್ಲಿ ಕಾಣುವ ಕಣ್ಣು ಎಂದು ಒಂದರ ಕೆಳಗೊಂದು ಬರೆಯುತ್ತಾ ಹೋಗುತ್ತಾರೆ. ಹೀಗೆ ಹುಟ್ಟಿದ ರೇಸ್ ಪಾತ್ರದ ಹಾಳೆಯ ಒಂದು ಮೂಲೆಯಲ್ಲಿ ಉಳಿದುಬಿಡುತ್ತದೆ; ಆಟ ನಡೆಯುವಾಗ ಅದು ಯಾರ ನೆನಪಿಗೂ ಬರುವುದಿಲ್ಲ. ನಾನು ಬಳಸುವ ಅಳತೆಗೋಲು ಬೇರೆ. ಒಂದು ಸಾಮರ್ಥ್ಯವನ್ನು ಬರೆಯುವ ಮೊದಲು, ಅದರಿಂದಾಗಿ ಆಟಗಾರರು ಯಾವ ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ ಎಂದು ಕೇಳಿಕೊಳ್ಳಬೇಕು. ಉತ್ತರ ಸಿಗದಿದ್ದರೆ ಆ ಸಾಮರ್ಥ್ಯ ಎಷ್ಟೇ ಬಲವಾಗಿದ್ದರೂ ಅದನ್ನು ಕೈಬಿಡಬೇಕು.

ಇಲ್ಲಿನ ಉದಾಹರಣೆಗಳೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದವು. ಲೆಕ್ಕಗಳು ಅದರ ಐದನೆಯ ಆವೃತ್ತಿಗೆ, ಅಂದರೆ 2014ರ ನಿಯಮಗಳಿಗೆ ಸೇರಿದವು.

ಹಳೆಯ ನಿಯಮಗಳಿಂದ ಕಲಿಯಬೇಕಾದದ್ದು

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಅದರಲ್ಲಿದ್ದದ್ದು ಮೂರೇ ಕ್ಲಾಸ್‌ಗಳು: ಕಾದಾಡುವವರು, ಮಂತ್ರ ಪ್ರಯೋಗಿಸುವವರು ಮತ್ತು ದೈವಬಲವುಳ್ಳ ಕ್ಲೆರಿಕ್. ಮರುವರ್ಷದ ಪೂರಕ ಪುಸ್ತಕದಲ್ಲಿ ಕಳ್ಳನ ಕ್ಲಾಸ್ ಸೇರಿತು. 1981ರ ಬೇಸಿಕ್ ಆವೃತ್ತಿಯಲ್ಲಿ ರೇಸ್ ಮತ್ತು ಕ್ಲಾಸ್ ಎರಡೂ ಒಂದೇ ಆಗಿದ್ದವು. ಎಲ್ಫ್ ಎಂಬ ರೇಸ್‌ನವರಾಗಿ ಆಡಲು ಹೊರಟರೆ ಎಲ್ಫ್ ಎಂಬುದೇ ಕ್ಲಾಸ್. ಕತ್ತಿಯೂ ಅವರ ಕೈಯಲ್ಲಿ, ಮಂತ್ರವೂ ಅವರ ಬಾಯಲ್ಲಿ. ಆ ಎರಡು ವಿದ್ಯೆಗಳಿಗೆ ತೆರಬೇಕಾದ ಬೆಲೆಯನ್ನು ಅನುಭವದ ಅಂಕಗಳಲ್ಲಿ ನಿಗದಿಪಡಿಸಲಾಗಿತ್ತು. ಎರಡನೆಯ ಲೆವೆಲ್ ತಲುಪಲು ಕಾದಾಡುವವರಿಗೆ 2000, ಮಂತ್ರಗಾರರಿಗೆ 2500 ಅಂಕ ಸಾಕಾಗಿದ್ದರೆ, ಎಲ್ಫ್‌ಗೆ 4000 ಬೇಕಾಗುತ್ತಿತ್ತು. ಅದರ ಮೇಲೆ ಹತ್ತನೆಯ ಲೆವೆಲ್‌ನಾಚೆಗೆ ಎಲ್ಫ್ ಬೆಳೆಯುವಂತಿರಲಿಲ್ಲ.

ಈ ಬೆಲೆ ಕಟ್ಟುವ ಕ್ರಮದಲ್ಲಿ ಪ್ರಾಮಾಣಿಕತೆಯಿದೆ. ಎರಡು ಕ್ಲಾಸ್‌ಗಳ ಕೆಲಸವನ್ನು ಒಬ್ಬರೇ ಮಾಡಬಹುದಾದರೆ ಅದಕ್ಕೆ ಎಲ್ಲೋ ಒಂದು ಕಡೆ ತೆರಿಗೆ ಕಟ್ಟಲೇಬೇಕು ಎಂಬುದನ್ನು ಆ ವಿನ್ಯಾಸಕಾರರು ಮರೆತಿರಲಿಲ್ಲ. ಆದರೆ ಲೆವೆಲ್ ಮಿತಿ ಮಾತ್ರ ಕೆಟ್ಟ ತೆರಿಗೆ. ಆಟದ ಆರಂಭದ ತಿಂಗಳುಗಳಲ್ಲಿ ಅದು ಯಾರಿಗೂ ತಟ್ಟುವುದಿಲ್ಲ. ತಟ್ಟುವ ಹೊತ್ತಿಗೆ ಆಟಗಾರರು ಆ ಪಾತ್ರವನ್ನು ಹಚ್ಚಿಕೊಂಡುಬಿಟ್ಟಿರುತ್ತಾರೆ. 2000ದ ಮೂರನೆಯ ಆವೃತ್ತಿ ಈ ಮಿತಿಗಳನ್ನು ತೆಗೆದುಹಾಕಿತು. ಆದರೂ ಹುಟ್ಟಿನಿಂದ ಬರುವ ಅಂಕಗಳು ಉಳಿದವು. ಹಾಫ್-ಆರ್ಕ್ ಎಂಬ ರೇಸ್‌ಗೆ ಶಕ್ತಿಯಲ್ಲಿ 2 ಹೆಚ್ಚು, ಬುದ್ಧಿಯಲ್ಲಿ 2 ಕಡಿಮೆ ಎಂದಿದ್ದ ಮೇಲೆ ಹಾಫ್-ಆರ್ಕ್ ವಿಜರ್ಡ್ (ಬುದ್ಧಿಬಲದ ಮಂತ್ರಗಾರ) ಆಡಲು ಬಯಸಿದವರು ಮೊದಲ ದಿನವೇ ಹಿಂದೆ ಬೀಳುತ್ತಿದ್ದರು. 2020ರಲ್ಲಿ ಈ ಅಂಕಗಳನ್ನು ಬೇಕಾದಲ್ಲಿ ಹಾಕಿಕೊಳ್ಳುವ ಐಚ್ಛಿಕ ನಿಯಮ ಬಂದಿತು. 2024ರ ಪರಿಷ್ಕೃತ ಪುಸ್ತಕ ರೇಸ್ ಎಂಬ ಹೆಸರನ್ನು ಬಿಟ್ಟು ಸ್ಪೀಷೀಸ್ ಎಂದು ಕರೆಯಿತು ಮತ್ತು ಅಂಕಗಳನ್ನು ಪಾತ್ರದ ಹಿನ್ನೆಲೆಗೆ, ಅಂದರೆ ಅದು ಬೆಳೆದ ಬದುಕಿಗೆ, ವರ್ಗಾಯಿಸಿತು. ಹುಟ್ಟು ಕಸುಬನ್ನು ನಿಗದಿಪಡಿಸುವ ವ್ಯವಸ್ಥೆ ಮನುಷ್ಯರನ್ನು ಏನು ಮಾಡುತ್ತದೆಂದು ನಮ್ಮ ನೆಲದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಂಥದ್ದನ್ನು ಕಲ್ಪಿತ ಲೋಕದಲ್ಲಿ ಯೋಚಿಸದೆ ಮತ್ತೆ ಕಟ್ಟಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕ್ಲಾಸ್: ಮೊದಲು ಕ್ರಿಯಾಪದ, ಆಮೇಲೆ ಅಂಕಿ

ಕ್ಲಾಸ್ ಎಂದರೆ ಪಾತ್ರವು ತನ್ನ ಸರದಿ ಬಂದಾಗಲೆಲ್ಲ ಮಾಡುವ ಕೆಲಸ. ಆದ್ದರಿಂದ ಅದನ್ನು ಒಂದು ಕ್ರಿಯಾಪದದಲ್ಲಿ ಹೇಳಲು ಬರಬೇಕು, ಮತ್ತು ಆ ಕ್ರಿಯಾಪದ ಈಗಾಗಲೇ ಇರುವ ಬೇರೆ ಕ್ಲಾಸ್‌ನದಾಗಿರಬಾರದು. ಉದಾಹರಣೆಗೆ, ಇನ್ನೊಬ್ಬರಿಗೆ ಬೀಳುವ ಏಟಿಗೆ ತಾನು ಅಡ್ಡನಿಲ್ಲುವ ಒಂದು ಕ್ಲಾಸ್ ಅನ್ನು ಕಟ್ಟೋಣ. ಅದಕ್ಕೆ ಕಾವಲುಗಾರ ಎಂದು ಹೆಸರಿಡೋಣ.

ಮೂಲ ನಿಯಮವನ್ನು ಹೀಗೆ ಬರೆಯಬಹುದು: ಕಾವಲುಗಾರರು ತಮ್ಮ ಸರದಿಯ ಕೊನೆಯಲ್ಲಿ ಹತ್ತು ಅಡಿಯೊಳಗಿನ ಒಬ್ಬ ಸಂಗಾತಿಯನ್ನು ತಮ್ಮ ಹೊಣೆ ಎಂದು ಹೆಸರಿಸುತ್ತಾರೆ, ಮುಂದಿನ ಸರದಿಯವರೆಗೆ ಆ ಸಂಗಾತಿಗೆ ಏಟು ತಗುಲಿದರೆ, ಹಾನಿಯ ದಾಳ ಹಾಕುವ ಮೊದಲು, ರಿಯಾಕ್ಷನ್ (ಇತರರ ಸರದಿಯಲ್ಲಿ ಮಾಡಬಹುದಾದ ತಕ್ಷಣದ ಪ್ರತಿಕ್ರಿಯೆ) ಬಳಸಿ ಪಕ್ಕಕ್ಕೆ ಧಾವಿಸಿ ಆ ಏಟನ್ನು ತಾವೇ ತೆಗೆದುಕೊಳ್ಳಬಹುದು. ಇಷ್ಟರಲ್ಲೇ ಎರಡು ತೀರ್ಮಾನಗಳಿವೆ. ಯಾರನ್ನು ಹೆಸರಿಸುವುದೆಂಬುದು ಒಂದು. ಮೊದಲ ಏಟಿಗೇ ಅಡ್ಡಬರುವುದೋ, ಇನ್ನೂ ದೊಡ್ಡ ಏಟು ಬರಬಹುದೆಂದು ಕಾಯುವುದೋ ಎಂಬುದು ಇನ್ನೊಂದು. ಏಕೆಂದರೆ ಒಂದು ಸುತ್ತಿಗೆ ಒಂದೇ ರಿಯಾಕ್ಷನ್ ಇರುತ್ತದೆ. ಆ ಒಂದರ ಮಿತಿಯನ್ನು ಸಡಿಲಿಸುವ ಆಸೆಗೆ ಎಂದೂ ಬಲಿಯಾಗಬಾರದು. ಮಿತಿ ಹೋದರೆ ತೀರ್ಮಾನವೂ ಹೋಗುತ್ತದೆ, ಪ್ರತಿ ಏಟಿಗೂ ಆಟ ನಿಂತು ಎಲ್ಲರೂ ಕಾವಲುಗಾರರ ಮುಖ ನೋಡಬೇಕಾಗುತ್ತದೆ. ಇದರ ಜೊತೆಗೆ, ಸಂಗಾತಿಯು ಬೇಡವೆಂದರೆ ಕಾವಲುಗಾರರು ಅಡ್ಡಬರುವಂತಿಲ್ಲ ಎಂಬ ಸಾಲನ್ನೂ ಸೇರಿಸಬೇಕು. ಇನ್ನೊಬ್ಬ ಆಟಗಾರರ ಪಾತ್ರದ ಮೇಲೆ ಅಧಿಕಾರ ಚಲಾಯಿಸುವ ಸಾಮರ್ಥ್ಯಗಳು ಮೇಜಿನಲ್ಲಿ ಮನಸ್ತಾಪಕ್ಕೆ ದಾರಿಯಾಗುತ್ತವೆ.

ಈಗ ಅಂಕಿಗಳಿಗೆ ಬರಬಹುದು. ಐದನೆಯ ಲೆವೆಲ್‌ನ ಕಾವಲುಗಾರರಿಗೆ ಹತ್ತು ಮುಖಗಳ ಹಿಟ್ ಡೈಸ್ (ಜೀವಬಲ ನಿಗದಿಪಡಿಸುವ ದಾಳ) ಮತ್ತು ಪ್ರತಿ ಲೆವೆಲ್‌ಗೂ ದೇಹದಾರ್ಢ್ಯದಿಂದ 2 ಸಿಗುತ್ತದೆಂದು ಇಟ್ಟುಕೊಂಡರೆ ಅವರ ಹಿಟ್ ಪಾಯಿಂಟ್, ಅಂದರೆ ಜೀವಬಲ, 44 ಆಗುತ್ತದೆ. ಆ ಹಂತದಲ್ಲಿ ಎದುರಾಗುವ ಟ್ರೋಲ್ ಎಂಬ ದೈತ್ಯನ ಒಂದು ಪಂಜದ ಏಟಿಗೆ ಸರಾಸರಿ 11 ಹಾನಿ. ತಮ್ಮ ಮೇಲಿನ ಏಟುಗಳ ಜೊತೆಗೆ ಪ್ರತಿ ಸುತ್ತಿನಲ್ಲೂ ಇನ್ನೊಬ್ಬರ 11ನ್ನೂ ಹೊತ್ತರೆ ಅವರು ಬೇಗನೆ ನೆಲಕ್ಕುರುಳುತ್ತಾರೆ, ಮತ್ತು ಎರಡನೆಯ ಕಾಳಗದಿಂದ ಯಾರೂ ಆ ಸಾಮರ್ಥ್ಯವನ್ನು ಬಳಸುವುದಿಲ್ಲ. ಆದ್ದರಿಂದ ಹೀಗೆ ತೆಗೆದುಕೊಂಡ ಹಾನಿಯಲ್ಲಿ ಅವರ ಲೆವೆಲ್‌ನಷ್ಟನ್ನು ಕಳೆಯಲಿ. 11 ಈಗ 6 ಆಗುತ್ತದೆ. ನಾಲ್ಕು ಸುತ್ತಿನ ಕಾಳಗದಲ್ಲಿ 24 ಹೋಗುತ್ತದೆ, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು. ನೋವು ತಿಳಿಯುತ್ತದೆ, ಆದರೆ ಕೆಲಸ ವ್ಯರ್ಥವೆನಿಸುವುದಿಲ್ಲ.

ದಾಳಿಯ ಲೆಕ್ಕಕ್ಕೆ ಕಾದಾಡುವ ಕ್ಲಾಸ್ ಆದ ಫೈಟರ್ ಅನ್ನೇ ಅಳತೆಯಾಗಿ ಇಟ್ಟುಕೊಳ್ಳಬೇಕು. ಮೊದಲ ಲೆವೆಲ್‌ನ ಫೈಟರ್ ಶಕ್ತಿ 16 ಇಟ್ಟುಕೊಂಡು ಉದ್ದಕತ್ತಿ ಬೀಸಿದರೆ ತಗುಲಿದ ಏಟಿಗೆ ಸರಾಸರಿ 7.5 ಹಾನಿ. ಆರ್ಮರ್ ಕ್ಲಾಸ್ (ಏಟು ತಗುಲಲು ಮುಟ್ಟಬೇಕಾದ ಅಂಕಿ) 13 ಇರುವ ಶತ್ರುವಿಗೆ ಏಟು ತಗುಲುವ ಸಂಭವ ಶೇ 65. ದಾಳದಲ್ಲಿ 20 ಬಿದ್ದಾಗಿನ ಹೆಚ್ಚುವರಿ ಹಾನಿಯನ್ನು, ಅಂದರೆ ಕ್ರಿಟಿಕಲ್ ಹಿಟ್ ಅನ್ನು, ಸೇರಿಸಿದರೆ ಸುತ್ತಿಗೆ ಸುಮಾರು 5 ಎಂದಾಯಿತು. ಐದನೆಯ ಲೆವೆಲ್‌ನಲ್ಲಿ ಎರಡು ದಾಳಿಗಳು, ಶಕ್ತಿ 18, ಎದುರಿಗೆ ಆರ್ಮರ್ ಕ್ಲಾಸ್ 15 ಎಂದುಕೊಂಡರೆ ಅದು 11.5ಕ್ಕೆ ಏರುತ್ತದೆ. ಕಾವಲುಗಾರರ ಸರಾಸರಿ ಇದಕ್ಕಿಂತ ಸ್ವಲ್ಪ ಕೆಳಗಿರಬೇಕು. ರಕ್ಷಣೆಯಲ್ಲೂ ದಾಳಿಯಲ್ಲೂ ಅವರೇ ಮೇಲಾದರೆ ಫೈಟರ್ ಆಡುವವರಿಗೆ ಮೇಜಿನಲ್ಲಿ ಜಾಗವೇ ಇಲ್ಲದಂತಾಗುತ್ತದೆ.

ಮಂತ್ರಗಾರರ ಲೆಕ್ಕ ಇಷ್ಟು ಸರಳವಲ್ಲ, ಮತ್ತು ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಅದೇ ಐದನೆಯ ಲೆವೆಲ್‌ನ ವಿಜರ್ಡ್ ಎಸೆಯುವ ಫೈರ್‌ಬಾಲ್ ಎಂಬ ಬೆಂಕಿಯುಂಡೆ ಮಂತ್ರದ ಸರಾಸರಿ ಹಾನಿ 28. ಮೂರರ ಗುಂಪಿನ ಮೇಲೆ ಅದು ಸಿಡಿದು, ಅವರಲ್ಲಿ ಅರ್ಧದಷ್ಟು ಜನ ದಾಳದ ಬಲದಿಂದ ಅರ್ಧ ಹಾನಿಗೆ ಪಾರಾಗುತ್ತಾರೆಂದು ಲೆಕ್ಕ ಹಾಕಿದರೂ ಒಟ್ಟು 63 ಆಗುತ್ತದೆ. ಫೈಟರ್‌ನ 11.5ರ ಎದುರು ಇದು ಅನ್ಯಾಯವೆಂದು ಕಾಣುತ್ತದೆ. ಆದರೆ ಆ ಹಂತದ ಮಂತ್ರಕ್ಕೆ ವಿಜರ್ಡ್ ಬಳಿ ಇರುವುದು ಎರಡು ಸ್ಲಾಟ್ (ಮಂತ್ರ ಪ್ರಯೋಗದ ಅವಕಾಶ) ಮಾತ್ರ, ಫೈಟರ್‌ನ ಕತ್ತಿಗೆ ಅಂಥ ಲೆಕ್ಕವಿಲ್ಲ. 2014ರ ಡಂಜನ್ ಮಾಸ್ಟರ್ ಕೈಪಿಡಿ ಸಾಹಸದ ಒಂದು ದಿನಕ್ಕೆ ಮಧ್ಯಮ ಅಥವಾ ಕಠಿಣವಾದ ಆರರಿಂದ ಎಂಟು ಮುಖಾಮುಖಿಗಳನ್ನು ಎದುರು ನೋಡುತ್ತದೆ. ಅಷ್ಟು ನಡೆದರೆ ಇಬ್ಬರೂ ಸಮತೂಗುತ್ತಾರೆ. ಆದರೆ ವಾರಾಂತ್ಯದ ಮೂರು ಗಂಟೆಯಲ್ಲಿ ಒಂದು ದೊಡ್ಡ ಕಾಳಗವಷ್ಟೇ ಸಾಧ್ಯವಾಗುವ, ಅದಾದ ಮೇಲೆ ಎಲ್ಲರೂ ರಾತ್ರಿಯ ವಿಶ್ರಾಂತಿ ಪಡೆಯುವ ಗುಂಪಿನಲ್ಲಿ ವಿಜರ್ಡ್ ಎರಡೂ ಫೈರ್‌ಬಾಲ್‌ಗಳನ್ನು ಅಲ್ಲೇ ಖರ್ಚು ಮಾಡಿ ಕಾಳಗವನ್ನು ಮುಗಿಸುತ್ತಾರೆ. ಆದ್ದರಿಂದ ಕ್ಲಾಸ್‌ನ ಶಕ್ತಿಯನ್ನು ದಿನಕ್ಕೆ ಇಷ್ಟು ಬಾರಿ ಎಂದು ಕಟ್ಟುವ ಮೊದಲು ನಿಮ್ಮ ಮೇಜಿನಲ್ಲಿ ಒಂದು ದಿನಕ್ಕೆ ಎಷ್ಟು ಕಾಳಗಗಳು ನಡೆಯುತ್ತವೆ ಎಂಬುದನ್ನು ಗಮನಿಸಬೇಕು. ಕಿರು ವಿಶ್ರಾಂತಿಯಿಂದ ಶಕ್ತಿ ಮರಳಿ ಪಡೆಯುವ ವಾರ್ಲಾಕ್‌ನಂಥ ಕ್ಲಾಸ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಯಾರೂ ನಡುವೆ ಕುಳಿತು ದಣಿವಾರಿಸಿಕೊಳ್ಳದ ಗುಂಪಿನಲ್ಲಿ ಅವು ಬಡವಾಗುತ್ತವೆ.

ದಾಳಕ್ಕೆ ಸಂಬಂಧಿಸಿದ ಬಹುಮಾನ ಕೊಡುವಾಗ ಒಂದು ಎಚ್ಚರಿಕೆ ಬೇಕು. 20 ಮುಖಗಳ ದಾಳದಲ್ಲಿ ಪ್ರತಿ ಹೆಚ್ಚುವರಿ ಅಂಕ ಶೇ 5ರಷ್ಟು ಸಂಭವವನ್ನು ಸೇರಿಸುತ್ತದೆ. ಎರಡು ದಾಳ ಹಾಕಿ ದೊಡ್ಡದನ್ನು ಆಯ್ದುಕೊಳ್ಳುವ ಅಡ್ವಾಂಟೇಜ್ ಹಾಗಲ್ಲ. 11 ಅಥವಾ ಹೆಚ್ಚು ಬೇಕಿದ್ದಾಗ ಅದು ಶೇ 50ನ್ನು 75ಕ್ಕೆ ಏರಿಸುತ್ತದೆ, 20ನ್ನೇ ಪಡೆಯಬೇಕಿದ್ದಾಗ ಶೇ 5ನ್ನು 9.75ಕ್ಕೆ ಮಾತ್ರ ತರುತ್ತದೆ. ಸದಾಕಾಲದ ಅಡ್ವಾಂಟೇಜ್ ಅನ್ನು ಯಾವ ಕ್ಲಾಸ್‌ಗೂ ಕೊಡದಿರುವುದು ಒಳ್ಳೆಯದು. ಏನನ್ನಾದರೂ ತ್ಯಾಗ ಮಾಡಿ ಗಳಿಸಿದಾಗ ಮಾತ್ರ ಅದು ಸಿಗಬೇಕು.

ಬೆಳವಣಿಗೆಯ ಹಂತಗಳಲ್ಲಿ ಹೊಸ ಅಂಕಿಗಳಿಗಿಂತ ಹಳೆಯ ತೀರ್ಮಾನವನ್ನು ಇನ್ನಷ್ಟು ಸಂಕೀರ್ಣಗೊಳಿಸುವುದು ಮೇಲು. ಹನ್ನೊಂದನೆಯ ಲೆವೆಲ್‌ನಲ್ಲಿ ಕಾವಲುಗಾರರು ಇಬ್ಬರನ್ನು ಹೊಣೆ ಎಂದು ಹೆಸರಿಸಬಹುದು, ಆದರೆ ರಿಯಾಕ್ಷನ್ ಒಂದೇ ಇರಲಿ. ಈಗ ಯಾರನ್ನು ಉಳಿಸುವುದೆಂಬ ಪ್ರಶ್ನೆ ನಿಜವಾಗಿಯೂ ಕಾಡುತ್ತದೆ. ಮೊದಲ ಲೆವೆಲ್‌ನಲ್ಲೇ ಎಲ್ಲವನ್ನೂ ತುಂಬಿದರೆ ಬೇರೆ ಕ್ಲಾಸ್‌ನವರು ಕ್ಲಾಸ್‌ಗಳನ್ನು ಬೆರೆಸಲು ಬಿಡುವ ಮಲ್ಟಿಕ್ಲಾಸ್ ನಿಯಮದಡಿ ಒಂದೇ ಲೆವೆಲ್‌ಗೆ ಇಲ್ಲಿ ಬಂದು ಸಾರವನ್ನು ಹೀರಿಕೊಂಡು ಹೋಗುತ್ತಾರೆ. 2024ರ ನಿಯಮಗಳಲ್ಲಿ ಎಲ್ಲ ಕ್ಲಾಸ್‌ಗಳ ಉಪಕ್ಲಾಸ್‌ಗಳೂ (ಕ್ಲಾಸ್‌ನೊಳಗಿನ ಕವಲುಗಳು) ಮೂರನೆಯ ಲೆವೆಲ್‌ನಿಂದಲೇ ಆರಂಭವಾಗುತ್ತವೆ. ಈ ಕ್ರಮವನ್ನು ನಿಮ್ಮ ಕ್ಲಾಸ್‌ನಲ್ಲೂ ಪಾಲಿಸಿ.

ರೇಸ್: ದೇಹ ಮತ್ತು ಕಲಿಕೆಯನ್ನು ಬೇರ್ಪಡಿಸುವುದು

ರೇಸ್‌ನ ಪಟ್ಟಿಗೆ ದೇಹದಿಂದ ಬಂದದ್ದು ಮಾತ್ರ ಸೇರಲಿ. 2014ರ ಪುಸ್ತಕದಲ್ಲಿ ಕುಬ್ಜ (ಡ್ವಾರ್ಫ್) ರೇಸ್‌ನವರೆಲ್ಲರಿಗೂ ಕೊಡಲಿ ಮತ್ತು ಸುತ್ತಿಗೆಯ ಪರಿಣತಿ ಹುಟ್ಟಿನಿಂದಲೇ ಬರುತ್ತಿತ್ತು. ಎಲ್ಫ್‌ಗಳ ಮನೆಯಲ್ಲಿ ಬೆಳೆದ ಕುಬ್ಜ ಬಾಲಕಿಗೆ ಅದು ಎಲ್ಲಿಂದ ಬಂದೀತು? ಕಲಿತದ್ದೆಲ್ಲ ಹಿನ್ನೆಲೆಗೆ ಹೋಗಬೇಕು. ಹಾಗೆಯೇ ಇಡೀ ಜನರನ್ನು ದುಷ್ಟರು, ದಡ್ಡರು ಎಂದು ಬರೆಯಬಾರದು, ನಮ್ಮ ಸುತ್ತಲಿನ ಯಾವುದೇ ಸಮುದಾಯದ ವೇಷ, ಆಹಾರ, ಮಾತಿನ ಧಾಟಿಯನ್ನು ತಂದು ಅವರ ಮೇಲೆ ಅಂಟಿಸಲೂಬಾರದು.

ನದಿ ಸಮುದ್ರ ಸೇರುವ ಅಳಿವೆಗಳಲ್ಲಿ ಬದುಕುವ ಒಂದು ಜನಾಂಗವನ್ನು ಊಹಿಸೋಣ. ಅವರನ್ನು ಅಳಿವೆಯವರು ಎನ್ನೋಣ. ಅವರು ಹದಿನೈದು ನಿಮಿಷ ಉಸಿರು ಬಿಗಿಹಿಡಿಯಬಲ್ಲರು. ನೀರಿನಲ್ಲೋ ಒದ್ದೆ ನೆಲದ ಮೇಲೋ ನಿಂತಾಗ, ಆ ಸರದಿಯಲ್ಲಿ ಒಂದು ಹೆಜ್ಜೆಯನ್ನೂ ಇಡದಿದ್ದರೆ, ಮೂವತ್ತು ಅಡಿಯೊಳಗೆ ಚಲಿಸುವ ಪ್ರತಿಯೊಂದು ಜೀವಿಯ ನೆಲೆಯೂ ಅವರಿಗೆ ತಿಳಿಯುತ್ತದೆ. ಈ ಎರಡನೆಯ ಸಾಮರ್ಥ್ಯದ ಬೆಲೆ ನಿಶ್ಚಲತೆ. ಕಾಣದ ಶತ್ರುವನ್ನು ಪತ್ತೆಹಚ್ಚಲು ನಿಲ್ಲಬೇಕೋ, ಅಪಾಯದಿಂದ ಸರಿಯಬೇಕೋ ಎಂದು ಆಟಗಾರರು ಯೋಚಿಸಬೇಕಾಗುತ್ತದೆ. ಒಣನೆಲದಲ್ಲಿ ಕಾಳಗ ನಡೆಯುವುದಾದರೆ ನೀರಿನ ಚರ್ಮಚೀಲವನ್ನು ಜೊತೆಗೊಯ್ಯುವ ಉಪಾಯವನ್ನೂ ಅವರು ಹುಡುಕಿಕೊಳ್ಳುತ್ತಾರೆ. ಈ ಸಾಮರ್ಥ್ಯ ಮಂತ್ರಗಾರರಿಗೂ ಬಿಲ್ಲುಗಾರರಿಗೂ ಕಾವಲುಗಾರರಿಗೂ ಬೇರೆ ಬೇರೆ ರೀತಿಯಲ್ಲಿ ಉಪಯುಕ್ತವಾಗುವುದರಿಂದ ಈ ಜನ ಯಾವ ಒಂದು ಕ್ಲಾಸ್‌ಗೂ ಮೀಸಲಾಗುವುದಿಲ್ಲ.

ಇಲ್ಲಿ ಬೇಡವಾದ ಮೂರು ಸಂಗತಿಗಳಿವೆ. ಕತ್ತಲ ದೃಷ್ಟಿ ಮೊದಲನೆಯದು. 2014ರ ಪುಸ್ತಕದ ಒಂಬತ್ತು ರೇಸ್‌ಗಳಲ್ಲಿ ಆರಕ್ಕೆ ಅದು ಇತ್ತು, ಅದರಿಂದಾಗಿ ಪಂಜು ಹೊತ್ತಿಸಿ ಶತ್ರುಗಳ ಕಣ್ಣಿಗೆ ಬೀಳುವುದೋ, ಕತ್ತಲಲ್ಲಿ ತಡವರಿಸುವುದೋ ಎಂಬ ಸೊಗಸಾದ ಸಂದಿಗ್ಧವೇ ಅನೇಕ ಗುಂಪುಗಳಲ್ಲಿ ಇಲ್ಲವಾಯಿತು. ಎರಡನೆಯದು ಹಾರಾಟ. ಅಂಥ ಶಕ್ತಿಯನ್ನು ಕೊಡುವ ಮಂತ್ರ ವಿಜರ್ಡ್‌ಗೆ ಸಿಗುವುದು ಐದನೆಯ ಲೆವೆಲ್‌ನಲ್ಲಿ. ಮೊದಲ ದಿನವೇ ರೆಕ್ಕೆ ಕೊಟ್ಟರೆ ಕಂದಕ, ಗೋಡೆ, ನದಿ ಎಲ್ಲವೂ ಅಡ್ಡಿಯಾಗಿ ಉಳಿಯುವುದಿಲ್ಲ. ಬೇಕೇಬೇಕೆಂದರೆ ಐದನೆಯ ಲೆವೆಲ್‌ವರೆಗೆ ಮರದಿಂದ ಜಾರಿ ತೇಲುವಷ್ಟನ್ನು ಕೊಡಿ. ಮೂರನೆಯದು ಬಿಸಿಲಿನಲ್ಲಿ ದಾಳಿಗೆ ತೊಡಕಾಗುವಂಥ ದಂಡನೆ. ಅದು ಆಟಗಾರರಿಗೆ ಆಯ್ಕೆಯನ್ನು ಕೊಡುವುದಿಲ್ಲ. ಹಗಲಿನ ಕಥೆಗಳಿಂದ ಆ ಪಾತ್ರವನ್ನು ದೂರವಿಡುತ್ತದೆ, ಅಷ್ಟೆ.

ಮೇಜಿನ ಮೇಲೆ ಪರೀಕ್ಷೆ

ಒಂದು, ಐದು ಮತ್ತು ಹನ್ನೊಂದನೆಯ ಲೆವೆಲ್‌ಗಳಲ್ಲಿ ತಲಾ ಒಂದು ಕಿರು ಸಾಹಸವನ್ನಾದರೂ ಆಡಿಸಬೇಕು. ನಿಮ್ಮ ಕ್ಲಾಸ್ ಅನ್ನು ನೀವೇ ಆಡಬಾರದು. ನಿಯಮಗಳ ಸಂದುಗಳನ್ನು ಹುಡುಕುವ ಅಭ್ಯಾಸವಿರುವವರ ಕೈಗೆ ಅದನ್ನು ಕೊಟ್ಟು, ಅವರ ಪಕ್ಕದಲ್ಲಿ ಒಬ್ಬ ಸಾಮಾನ್ಯ ಫೈಟರ್ ಇರುವಂತೆ ನೋಡಿಕೊಳ್ಳಬೇಕು. ಹಾನಿಯ ಲೆಕ್ಕಕ್ಕಿಂತ ಮುಖ್ಯವಾಗಿ ಗಮನಿಸಬೇಕಾದದ್ದು, ಯಾವ ಸಾಮರ್ಥ್ಯವನ್ನು ಅವರು ಒಮ್ಮೆಯೂ ಓದಿಕೊಳ್ಳಲಿಲ್ಲ, ಯಾವುದನ್ನು ಪ್ರತಿ ಸರದಿಯಲ್ಲೂ ಯೋಚಿಸದೆ ಬಳಸಿದರು ಎಂಬುದನ್ನು. ಓದದೆ ಉಳಿದದ್ದನ್ನು ಅಳಿಸಿಬಿಡಿ. ಯೋಚಿಸದೆ ಬಳಸಿದ್ದಕ್ಕೆ ಬೆಲೆ ಸೇರಿಸಿ. ಫೈಟರ್ ಆಡಿದವರನ್ನೂ ಪ್ರತ್ಯೇಕವಾಗಿ ಕೇಳಿ. ಆ ಸಂಜೆ ತಾನು ಬೇಡವಾಗಿದ್ದೆ ಎಂದು ಅವರಿಗೆ ಅನ್ನಿಸಿದ್ದರೆ ನಿಮ್ಮ ಅಂಕಿಗಳು ಕಾಗದದ ಮೇಲೆ ಎಷ್ಟೇ ಸರಿಯಿದ್ದರೂ ತಿದ್ದುವ ಕೆಲಸ ಬಾಕಿಯಿದೆ.

ನಿಮ್ಮ ಕೆಲಸವನ್ನು ಹೊರಗಿನವರಿಗೂ ಹಂಚುವುದಾದರೆ, ಐದನೆಯ ಆವೃತ್ತಿಯ ಮೂಲ ನಿಯಮಗಳ ದಾಖಲೆಯಾದ ಎಸ್‌ಆರ್‌ಡಿ 5.1 ಅನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದೆ. ಆ ದಾಖಲೆಯಲ್ಲಿ ಇರುವ ನಿಯಮಗಳನ್ನು, ಅದು ಸೂಚಿಸುವ ಕೃತಜ್ಞತೆಯ ಸಾಲನ್ನು ಹಾಕಿ, ಮಾರಾಟಕ್ಕೂ ಬಳಸಬಹುದು. ಅದರಲ್ಲಿ ಇಲ್ಲದ ರಾಕ್ಷಸರ ಮತ್ತು ಲೋಕಗಳ ಹೆಸರುಗಳನ್ನು ಬಿಟ್ಟು ನಿಮ್ಮದೇ ಹೆಸರುಗಳನ್ನು ಇಡಿ.