ಸಿಪಿಯು ಖಾಲಿ, ಸೈಟ್ ಮಾತ್ರ ಓಪನ್ ಆಗಲ್ಲ: ಕೀಪ್‌ಅಲೈವ್ ಜೊತೆ ನನ್ನ ಒದ್ದಾಟ

ಒಂದು ಕಾಲೇಜಿನ ರಿಸಲ್ಟ್ ಸೈಟನ್ನ ಸ್ವಲ್ಪ ವರ್ಷ ನಾನೇ ನೋಡ್ಕೊಳ್ತಿದ್ದೆ. 4 ಜಿಬಿ ರ್‍ಯಾಮ್ ಇರೋ ಸಣ್ಣ ವಿಪಿಎಸ್ (ಬಾಡಿಗೆ ವರ್ಚುವಲ್ ಸರ್ವರ್), ಉಬುಂಟು ಮೇಲೆ ಪೇಜ್ ಕಳ್ಸೋ ವೆಬ್ ಸರ್ವರ್ ಅಪಾಚೆ, ಪೇಜ್ ತಯಾರಿಸೋ ಪಿಎಚ್‌ಪಿ, ಡೇಟಾಬೇಸ್‌ಗೆ ಮೈಎಸ್‌ಕ್ಯೂಎಲ್ ಎಲ್ಲಾ ಅದರಲ್ಲೇ. ವರ್ಷಪೂರ್ತಿ ಆ ಕಡೆ ಯಾರೂ ತಲೆ ಹಾಕಲ್ಲ, ರಿಸಲ್ಟ್ ದಿನ ಮಾತ್ರ ಜಾತ್ರೆ. ಆವತ್ತು 11 ಗಂಟೆಗೆ ರಿಸಲ್ಟ್ ಬಿಟ್ಟು ಐದು ನಿಮಿಷ ಆಗಿರ್ಲಿಲ್ಲ, ಆಫೀಸಿಂದ ಫೋನು: "ಸರ್, ಪೇಜ್ ಸುಮ್ನೆ ಸುತ್ತುತ್ತಾನೇ ಇದೆ, ಹುಡುಗ್ರೆಲ್ಲ ಕೌಂಟರ್ ಹತ್ರ ಬಂದ್ ನಿಂತಿದಾರೆ."

ಲಾಗಿನ್ ಆಗಿ ಟಾಪ್ ಕಮಾಂಡ್ ಹಾಕಿ ನೋಡ್ತೀನಿ, ಸಿಪಿಯು ಹತ್ತು ಪರ್ಸೆಂಟೂ ಇಲ್ಲ, ಡೇಟಾಬೇಸ್ ಆರಾಮಾಗಿ ಕೂತಿದೆ. ಅಪಾಚೆ ಎರರ್ ಲಾಗ್‌ನಲ್ಲಿ ಮಾತ್ರ ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್ (ಒಟ್ಟಿಗೆ ಎಷ್ಟು ವರ್ಕರ್ ಓಡ್ಬಹುದು ಅನ್ನೋ ಲೆಕ್ಕ) ಮಿತಿ ಮುಟ್ಟಿದೆ, ಜಾಸ್ತಿ ಮಾಡೋ ಬಗ್ಗೆ ಯೋಚ್ನೆ ಮಾಡಿ ಅಂತ ಒಂದು ಲೈನ್. ನಾನು ಯೋಚ್ನೆ ಮಾಡ್ಲಿಲ್ಲ, ಮಾಡೇಬಿಟ್ಟೆ. 150 ಇದ್ದಿದ್ದು 400, ಪ್ರಿಫೋರ್ಕ್‌ನಲ್ಲಿ (ಒಂದು ಕನೆಕ್ಷನ್ನಿಗೆ ಒಂದು ಪ್ರೋಸೆಸ್ ಅನ್ನೋ ಅಪಾಚೆ ಪದ್ಧತಿ) 256 ದಾಟ್ಬೇಕಂದ್ರೆ ಸರ್ವರ್‌ಲಿಮಿಟ್ ಅನ್ನೋ ಇನ್ನೊಂದು ಮಿತಿನೂ ಏರಿಸ್ಬೇಕು, ಅದನ್ನೂ ಏರಿಸ್ದೆ. ಒಂದೊಂದು ಪ್ರೋಸೆಸ್ಸೂ ಹೊಟ್ಟೆಲಿ ಪಿಎಚ್‌ಪಿ ಇಟ್ಕೊಂಡು 20 ಎಂಬಿ ಮೇಲೆ ತಿಂತಿತ್ತು, ಲೆಕ್ಕ ಹಾಕಿದ್ರೆ 8 ಜಿಬಿ ಬೇಕು, ಇರೋದು 4. ಸ್ವ್ಯಾಪ್ (ರ್‍ಯಾಮ್ ಬದ್ಲು ಡಿಸ್ಕ್ ಬಳ್ಸೋದು) ಶುರುವಾಗಿ, ಕೊನೆಗೆ ಕರ್ನಲ್ಲು ಮೆಮೊರಿ ಸಾಲ್ದೆ ಮೈಎಸ್‌ಕ್ಯೂಎಲ್‌ನೇ ಕೊಂದು ಹಾಕ್ತು. ಮೊದ್ಲು ನಿಧಾನಕ್ಕಾದ್ರೂ ಬರ್ತಿತ್ತು, ಈಗ ಅದೂ ಇಲ್ಲ.

ಎಲ್ಲಾ ವಾಪಸ್ ಹಾಕಿ, ಮೊದ್ಲೇ ನೋಡ್ಬೇಕಾಗಿದ್ದ ಸರ್ವರ್ ಸ್ಟೇಟಸ್ ಪೇಜ್ ಆಮೇಲೆ ನೋಡ್ದೆ. ಒಂದೊಂದು ವರ್ಕರ್ ಏನ್ ಮಾಡ್ತಿದೆ ಅಂತ ಒಂದೊಂದು ಅಕ್ಷರದಲ್ಲಿ ತೋರ್ಸೋ ಸ್ಕೋರ್‌ಬೋರ್ಡ್ ತುಂಬಾ ಬರೀ ಕೆ ಕೆ ಕೆ ಕೆ. ಕೆ ಅಂದ್ರೆ ಕೀಪ್‌ಅಲೈವ್: ಕೇಳಿದ್ದು ಕೊಟ್ಟಾಗಿದೆ, ಮತ್ತೇನಾದ್ರೂ ಕೇಳ್ತಾರೇನೋ ಅಂತ ಕಾಯ್ತಾ ಇದೆ. ಮದುವೆ ಪಂಕ್ತಿಲಿ ಊಟ ಮುಗಿದ್ರೂ ಎಲೆ ಮುಂದೆ ಹರಟೆ ಹೊಡೀತಾ ಕೂತಿರ್ತಾರಲ್ಲ, ಹಿಂದೆ ಚೇರ್ ಹಿಡ್ಕೊಂಡು ಮುಂದಿನ ಪಂಕ್ತಿಯೋರು ನಿಂತಿರ್ತಾರೆ, ಒಳಗೆ ಅಡುಗೆ ಭಟ್ರಿಗೆ ಕೆಲ್ಸ ಇಲ್ಲ. ಅದೇ ಕಥೆ.

ಹಿಂಗೆ ಎಷ್ಟೊತ್ತು ಕಾಯ್ಬೇಕು ಅನ್ನೋ ಟೈಮ್‌ಔಟ್ ನೋಡಿದ್ರೆ 15 ಸೆಕೆಂಡ್. ಅಪಾಚೆ 2.4ರಲ್ಲಿ ಡಿಫಾಲ್ಟ್ 5 ಅಷ್ಟೇ, ಹಳೇ ಅಪಾಚೆ ಕಾಲದ ಕಾನ್ಫಿಗ್ ಫೈಲನ್ನ ಯಾರೋ ಹಂಗೇ ಕಾಪಿ ಹೊಡ್ದಿದ್ರು (ಆ ಯಾರೋ ನಾನೇ ಇರ್ಬಹುದು). ಎಚ್‌ಟಿಟಿಪಿ 1.1ರಲ್ಲಿ ಬ್ರೌಸರ್ ಒಂದು ಸೈಟಿಗೆ ಆರು ಕನೆಕ್ಷನ್ ತನಕ ತೆಗೆಯುತ್ತೆ. ಒಬ್ಬ ಹುಡುಗ ಆರು ಚೇರ್ ಹಿಡ್ಕೊಂಡ್ರೆ 150 ಚೇರಿಗೆ 25 ಜನ, ಮಿಕ್ಕೋರೆಲ್ಲ ಹೊರಗೆ.

ಫ್ರೆಂಡ್‌ಗೆ ಫೋನ್ ಮಾಡಿದ್ರೆ "ಕೀಪ್‌ಅಲೈವ್ ಆಫ್ ಮಾಡು ಗುರೂ, ಆಮೇಲ್ ನೋಡ್ಕೊಳಾಣ" ಅಂದ. ಆಫ್ ಮಾಡ್ದೆ, ಸೈಟ್ ಎದ್ದು ಕೂತ್ಕೊಳ್ತು. ಆದ್ರೆ ಮೊಬೈಲಲ್ಲಿ ಪೇಜ್ ತೆವಳ್ತಾ ಬರ್ತಿತ್ತು, ಯಾಕಂದ್ರೆ ಪೇಜಲ್ಲಿರೋ ಮೂವತ್ತು ಫೈಲಿಗೂ ಪ್ರತಿ ಸಲ ಹೊಸ ಟಿಸಿಪಿ ಕನೆಕ್ಷನ್, ಅದರ ಮೇಲೆ ಎನ್‌ಕ್ರಿಪ್ಷನ್‌ಗೆ ಟಿಎಲ್‌ಎಸ್ ಹ್ಯಾಂಡ್‌ಶೇಕ್. ಅನ್ನ ಹಾಕಿಸ್ಕೊಂಡು ಎದ್ದು ಹೋಗಿ, ಸಾರಿಗೆ ಮತ್ತೆ ಕ್ಯೂ ನಿಂತಂಗೆ. ಅರ್ಧ ಗಂಟೆ ಬಿಟ್ಟು ಮತ್ತೆ ಆನ್ ಮಾಡಿ ಟೈಮ್‌ಔಟ್ 2 ಸೆಕೆಂಡ್ ಇಟ್ಟೆ, ಒಂದು ಪೇಜಿನ ಫೈಲ್‌ಗಳೆಲ್ಲ ಹೋಗಕ್ಕೆ ಅಷ್ಟು ಸಾಕು. ಆ ದಿನ ಹೆಂಗೋ ದಾಟ್ತು.

ಆಮೇಲೆ ಪುರುಸೊತ್ತಲ್ಲಿ ಪ್ರಿಫೋರ್ಕ್ ಬಿಟ್ಟು ಅಪಾಚೆಯ ಇನ್ನೊಂದು ಪದ್ಧತಿ, ಈವೆಂಟ್ ಎಂಪಿಎಂಗೆ ಹೋದೆ. ಪಿಎಚ್‌ಪಿನ ಅಪಾಚೆ ಒಳಗಿಂದ ತೆಗೆದು ಎಫ್‌ಪಿಎಂಗೆ (ಪಿಎಚ್‌ಪಿನ ಬೇರೆಯಾಗಿ ಓಡ್ಸೋ ಸರ್ವಿಸ್) ಹಾಕ್ಬೇಕು, ಅದೊಂದೇ ಕೆಲಸ ಜಾಸ್ತಿ. ಈವೆಂಟ್‌ನಲ್ಲಿ ಸುಮ್ನೆ ಕೂತಿರೋ ಕನೆಕ್ಷನ್ನನ್ನ ಲಿಸನರ್ ಥ್ರೆಡ್ ನೋಡ್ಕೊಳುತ್ತೆ, ವರ್ಕರ್ ಬೇರೆ ಕೆಲ್ಸಕ್ಕೆ ಹೋಗುತ್ತೆ. ಹೀಗಾಗಿ ಟೈಮ್‌ಔಟ್ ಮತ್ತೆ 5 ಮಾಡಿದ್ರೂ ತೊಂದ್ರೆ ಆಗ್ಲಿಲ್ಲ.

ಕೀಪ್‌ಅಲೈವ್ ಅರ್ಥ ಆಯ್ತು ಅಂದ್ಕೊಂಡಿದ್ದೆ. ಎರಡು ವರ್ಷ ಆದ್ಮೇಲೆ ಬೇರೆ ಪ್ರಾಜೆಕ್ಟಲ್ಲಿ ಮುಂದೆ ರಿಕ್ವೆಸ್ಟ್ ತಗೊಂಡು ದಾಟ್ಸೋ ಎಂಜಿನ್‌ಎಕ್ಸ್ ವೆಬ್ ಸರ್ವರ್, ಹಿಂದೆ ನೋಡ್.ಜೆಎಸ್‌ನಲ್ಲಿ (ಸುಮ್ನೆ 'ನೋಡ್' ಅಂತೀನಿ) ಓಡೋ ಆ್ಯಪ್. ನಮ್ಮ ವರ್ಷನ್‌ನಲ್ಲಿ ಎಂಜಿನ್‌ಎಕ್ಸ್ ಹಿಂದಿನ ಸರ್ವರ್ ಜೊತೆ ಎಚ್‌ಟಿಟಿಪಿ 1.0ನಲ್ಲೇ ಮಾತಾಡಿ ಪ್ರತಿ ಸಲ ಕನೆಕ್ಷನ್ ಕ್ಲೋಸ್ ಮಾಡ್ತಿತ್ತು. ಎಂಜಿನ್‌ಎಕ್ಸ್ ಕಾನ್ಫಿಗ್‌ನಲ್ಲಿ ಹಿಂದಿನ ಸರ್ವರ್ ವಿವರ ಇರೋ ಅಪ್‌ಸ್ಟ್ರೀಮ್ ಬ್ಲಾಕಲ್ಲಿ ಕೀಪ್‌ಅಲೈವ್ 32 ಹಾಕಿ, ಪ್ರಾಕ್ಸಿ ವರ್ಷನ್ 1.1 ಮಾಡಿ, ಕನೆಕ್ಷನ್ ಹೆಡರ್ ಖಾಲಿ ಬಿಟ್ಟೆ. ಮೂರರಲ್ಲಿ ಒಂದು ಮರೆತ್ರೂ ಕೆಲ್ಸ ಆಗಲ್ಲ, ಎರರ್ರೂ ಬರಲ್ಲ. ಸ್ಪೀಡ್ ಆಯ್ತು ಅಂತ ಖುಷಿ ಪಡೋಷ್ಟರಲ್ಲಿ ದಿನಕ್ಕೆ ನಾಲ್ಕೈದು 502 ಎರರ್ (ಹಿಂದಿನ ಸರ್ವರಿಂದ ಸರಿಯಾದ ಉತ್ತರ ಬರ್ಲಿಲ್ಲ ಅಂತ), ಅದೂ ಫಾರ್ಮ್ ಸಬ್ಮಿಟ್ ಮಾಡೋವಾಗ್ಲೇ. ಒಂದು ವಾರ ತಲೆ ಕೆಡಿಸ್ಕೊಂಡೆ.

ಕಾರಣ ಇಷ್ಟೇ: ನೋಡ್ ಖಾಲಿ ಕನೆಕ್ಷನ್ನ 5 ಸೆಕೆಂಡಿಗೆ ಮುಚ್ಚುತ್ತೆ, ಎಂಜಿನ್‌ಎಕ್ಸ್ 60 ಸೆಕೆಂಡ್ ಇಟ್ಕೊಂಡಿರುತ್ತೆ. ನೋಡ್ ಬಾಗ್ಲು ಹಾಕೋ ಅದೇ ಕ್ಷಣಕ್ಕೆ ಎಂಜಿನ್‌ಎಕ್ಸ್ ರಿಕ್ವೆಸ್ಟ್ ಕಳ್ಸಿದ್ರೆ ರೀಸೆಟ್. ಸುಮ್ನೆ ಪೇಜ್ ಕೇಳೋ ಗೆಟ್ ರಿಕ್ವೆಸ್ಟ್ ಆಗಿದ್ರೆ ಎಂಜಿನ್‌ಎಕ್ಸ್ ತಾನೇ ಇನ್ನೊಂದ್ಸಲ ಟ್ರೈ ಮಾಡಿ ಮುಚ್ಚಿಹಾಕುತ್ತೆ, ಫಾರ್ಮ್ ಕಳ್ಸೋ ಪೋಸ್ಟ್ ಎರಡು ಸಲ ಹೋದ್ರೆ ದುಡ್ಡು ಎರಡು ಸಲ ಕಟ್ಟಾಗ್ಬಹುದಲ್ಲ, ಅದಕ್ಕೇ ಟ್ರೈ ಮಾಡಲ್ಲ. ನೋಡ್ ಕಡೆ ಟೈಮ್‌ಔಟನ್ನ 65 ಸೆಕೆಂಡ್ ಮಾಡ್ದೆ, ಅಂದ್ರೆ ಮುಚ್ಚೋದು ಯಾವಾಗ್ಲೂ ಎಂಜಿನ್‌ಎಕ್ಸೇ ಮೊದ್ಲು. ಮಾರನೇ ದಿನ ಲಾಗಲ್ಲಿ 502 ಹುಡುಕ್ದೆ, ಸೊನ್ನೆ. ನಂಬಿಕೆ ಬರ್ದೆ ಗ್ರೆಪ್ ಕಮಾಂಡ್ ಸರಿಯಾಗಿ ಹೊಡ್ದಿದೀನಾ ಅಂತ ಇನ್ನೊಂದ್ಸಲ ನೋಡ್ದೆ.